ಬೆಂಚಿನ ಅಡಿಪಾಯ ಪ್ರತ್ಯೇಕವಾಗಿರಲಿ
ಅಮೆರಿಕದ ಮಿನೆಸೋಟದಲ್ಲಿ ಸ್ವಂತ ಜಮೀನಿನಲ್ಲಿ ರೈಫಲ್ ಅಭ್ಯಾಸಕ್ಕೆಂದು ಕಾಂಕ್ರೀಟ್ ಬೆಂಚು (ರೈಫಲನ್ನು ಊರಿ ಗುರಿಯಿಡುವ ಮೇಜು) ಕಟ್ಟುವ ಕ್ರಮವನ್ನು ಲೇಖನವೊಂದು ಸೊಗಸಾಗಿ ವಿವರಿಸಿದೆ; ಆದರೆ ಶೂಟರ್ ಕುಳಿತುಕೊಳ್ಳುವ ನೆಲಹಾಸಿನ ಮೇಲೆಯೇ ಬೆಂಚಿನ ಕಾಲುಗಳನ್ನೂ ಎಬ್ಬಿಸಬೇಕೆಂಬ ಸಲಹೆಯನ್ನು ಒಪ್ಪುವುದು ಕಷ್ಟ. ಪಕ್ಕದಲ್ಲಿ ಯಾರಾದರೂ ನಡೆದಾಡಿದರೆ ಆ ಅದುರು ಕಾಲುಗಳ ಮೂಲಕ ಮೇಲೇರಿ, ಸ್ಕೋಪಿನೊಳಗಿನ (ರೈಫಲಿನ ಮೇಲಿನ ಗುರಿದರ್ಶಕ) ಅಡ್ಡಗೆರೆಗಳು ಗುರಿಯ ಮೇಲೆ ನಡುಗುವುದು ಕಣ್ಣಿಗೇ ಕಾಣುತ್ತದೆ. ಕಾಲುಗಳ ಅಡಿಪಾಯವನ್ನು ಚಳಿಗಾಲದಲ್ಲಿ ಮಣ್ಣು ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ, ಅಂದರೆ ಆ ರಾಜ್ಯದಲ್ಲಿ ಪ್ರದೇಶವನ್ನು ಅನುಸರಿಸಿ 3.5ರಿಂದ 5 ಅಡಿಯವರೆಗೆ ಇಳಿಸಿ, ನೆಲಹಾಸಿಗೂ ಅದಕ್ಕೂ ಮಧ್ಯೆ ಅರ್ಧ ಇಂಚಿನಷ್ಟು ಸಂದು ಬಿಡುವುದೇ ಸರಿಯಾದ ಕ್ರಮ. ಬೆಂಚಿನ ಮೇಲಿನ ಸ್ಲ್ಯಾಬನ್ನು ಕನಿಷ್ಠ 7 ದಿನ ಒದ್ದೆ ಗೋಣಿ ಹೊದಿಸಿ ಕ್ಯೂರಿಂಗ್ ಮಾಡಬೇಕು. ಎಡಗೈಯಿಂದ ಗುಂಡು ಹಾರಿಸುವವರನ್ನು ಲೇಖಕರು ಮರೆತಂತಿದೆ; ಕಾಂಕ್ರೀಟನ್ನು ಆಮೇಲೆ ಕೊರೆಯುವುದು ಸುಲಭವಲ್ಲವಾದ್ದರಿಂದ, ಸೆಂಟ್ರಿಂಗ್ ಹೊಡೆಯುವಾಗಲೇ ಎರಡೂ ಬದಿಗೆ ಕುಳಿತುಕೊಳ್ಳಲು ಸ್ಲ್ಯಾಬಿನ ಅಂಚಿನಲ್ಲಿ ಕಚ್ಚು ಬಿಡುವುದು ಒಳ್ಳೆಯದು.