ಕಂಪ್ಯೂಟರ್ ಆತಂಕ ಮತ್ತು ಅನುಭವದ ಗುಣ

ಕಂಪ್ಯೂಟರ್ ಬಳಕೆ ಹೆಚ್ಚಿದಷ್ಟೂ ಅದರ ಬಗ್ಗೆ ವಿದ್ಯಾರ್ಥಿಗಳಿಗಿರುವ ಆತಂಕ ತಾನಾಗಿ ಇಳಿಯುತ್ತದೆ ಎಂದು ಲೇಖನವೊಂದು ವಾದಿಸಿತ್ತು; ಆ ವಾದವನ್ನು ನಾನು ಭಾಗಶಃ ಮಾತ್ರ ಒಪ್ಪುತ್ತೇನೆ. ಅನುಭವವಿದ್ದವರಲ್ಲಿ ಆತಂಕ ಸಾಮಾನ್ಯವಾಗಿ ಕಡಿಮೆ ಎಂಬುದನ್ನು ಅನೇಕ ಅಧ್ಯಯನಗಳು ತೋರಿಸಿವೆ, ನಿಜ. ಆದರೆ ಮೊದಲೇ ತೀವ್ರವಾಗಿ ಹೆದರಿದವರನ್ನು ಯಂತ್ರದ ಮುಂದೆ ಕೂರಿಸಿದ ಮಾತ್ರಕ್ಕೆ ಭಯ ಹೋಗುವುದಿಲ್ಲ ಎಂದು ಅಮೆರಿಕದ ಮನೋವಿಜ್ಞಾನಿಗಳಾದ ಲ್ಯಾರಿ ರೋಸೆನ್ ಮತ್ತು ಮಿಶೆಲ್ ವೀಲ್ 1980ರ ದಶಕದ ಸಂಶೋಧನೆಗಳ ಆಧಾರದ ಮೇಲೆ ಎಚ್ಚರಿಸಿದ್ದರು. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ಮಂಡಿಸಿದ ಸ್ವಸಾಮರ್ಥ್ಯದ, ಅಂದರೆ ಈ ಕೆಲಸ ತನ್ನಿಂದ ಆಗುತ್ತದೆ ಎಂಬ ನಂಬಿಕೆಯ, ಸಿದ್ಧಾಂತವೂ ಇದನ್ನೇ ಸೂಚಿಸುತ್ತದೆ: ತಾನೇ ಮಾಡಿ ಸಫಲವಾದ ಅನುಭವ ಧೈರ್ಯ ಕೊಡುತ್ತದೆ, ಪದೇಪದೇ ಸೋತ ಅನುಭವ ಅದನ್ನು ಕುಗ್ಗಿಸುತ್ತದೆ.

ನಮ್ಮ ಅನೇಕ ಶಾಲೆಗಳಲ್ಲಿ ಒಂದು ಕಂಪ್ಯೂಟರಿನ ಸುತ್ತ ನಾಲ್ಕೈದು ಮಕ್ಕಳು ಸೇರಿದಾಗ ಮೌಸ್ ಹಿಡಿಯುವುದು ಅವರಲ್ಲಿ ಚುರುಕಾದ ಒಬ್ಬರೇ. ಹಿಂದೆ ನಿಂತು ನೋಡಿದ ಹುಡುಗಿಗೂ ಅಷ್ಟೇ ಗಂಟೆಗಳ ಅನುಭವವಿದೆಯೆಂದು ದಾಖಲೆ ಹೇಳುತ್ತದೆ, ಇದು ನನಗೆ ಬಹಳ ನೋವಿನ ಸಂಗತಿ. ಎಂಜಿನಿಯರಿಂಗ್ ಪ್ರವೇಶದ ಜೆಇಇ ಮೇನ್ ಪತ್ರಿಕೆ 2019ರಿಂದ ಪೂರ್ತಿಯಾಗಿ ಕಂಪ್ಯೂಟರಿನಲ್ಲೇ ನಡೆಯುತ್ತಿರುವಾಗ, ಅಂಥ ವಿದ್ಯಾರ್ಥಿನಿಗೆ ವಿಷಯ ಗೊತ್ತಿದ್ದೂ ಪರದೆಯೇ ಅಡ್ಡಿಯಾಗಬಹುದು. ಆದ್ದರಿಂದ ಪ್ರಯೋಗಾಲಯದ ಅವಧಿಯನ್ನು ಹೆಚ್ಚಿಸುವ ಮೊದಲು, ತಪ್ಪಾದರೆ ಯಾರೂ ಗದರದ ವಾತಾವರಣದಲ್ಲಿ ಪ್ರತಿ ಮಗುವೂ ಒಂದು ಸಣ್ಣ ಕೆಲಸವನ್ನು ಒಂಟಿಯಾಗಿ ಮಾಡಿ ಮುಗಿಸುವಂತೆ ವೇಳಾಪಟ್ಟಿಯನ್ನು ರೂಪಿಸಬೇಕೆಂದು ಶಿಕ್ಷಕರಲ್ಲಿ ಕೇಳಿಕೊಳ್ಳುತ್ತೇನೆ.