ಬೈಗುಳ ಮೊದಲು, ಊಟ ಆಮೇಲೆ

ಹಾಸ್ಟೆಲಿನಲ್ಲಿ ಇದ್ದವರಿಗೆ ಇದು ಗೊತ್ತಿರುತ್ತದೆ. ಬೇರೆ ಭಾಷೆಯ ಹುಡುಗ ರೂಮಿಗೆ ಬಂದರೆ ಅವನಿಂದ ನಾವು ಮೊದಲು ಕಲಿಯುವುದು ನಾಲ್ಕು ಬೈಗುಳ. ಆಮೇಲೆ ತಿಂಡಿಗಳ ಹೆಸರು. ಅಲ್ಲಿಗೆ ಪಾಠ ಮುಗಿಯುತ್ತದೆ. ನನ್ನ ಮಲಯಾಳಿ ರೂಮ್‌ಮೇಟ್ ಮೂರು ವರ್ಷ ಜೊತೆಗಿದ್ದ. ಅವನ ಭಾಷೆಯಲ್ಲಿ ‘ಬಾಗಿಲು ಹಾಕು’ ಅನ್ನಲು ನನಗೆ ಇವತ್ತಿಗೂ ಬರುವುದಿಲ್ಲ. ಬೈಯಲು ಮಾತ್ರ ಉಚ್ಚಾರದ ಸಮೇತ ಬರುತ್ತದೆ.

ಕ್ಲಿಂಗನ್ ಭಾಷೆಯನ್ನೂ ನಾನು ಹೀಗೆಯೇ ಕಲಿತೆ. ಕಲಿಸಿದ್ದು ರೂಮ್‌ಮೇಟ್ ಅಲ್ಲ, ಇಂಗ್ಲಿಷ್ ಕಾದಂಬರಿಗಳು.

ಗೊತ್ತಿಲ್ಲದವರಿಗೆ ಎರಡು ಮಾತು. ಕ್ಲಿಂಗನ್ನರು ‘ಸ್ಟಾರ್ ಟ್ರೆಕ್’ ಎಂಬ ಅಮೆರಿಕದ ಟಿವಿ ಸೀರಿಯಲ್ಲಿನ ಜನ. 1967ರಲ್ಲಿ ಮೊದಲ ಸಲ ತೆರೆಗೆ ಬಂದರು. ಸಿಟ್ಟು, ಯುದ್ಧ, ಮರ್ಯಾದೆ, ಈ ಮೂರರ ಮೇಲೆ ಅವರ ಬದುಕು ನಿಂತಿದೆ. 1979ರ ಸಿನಿಮಾದಿಂದ ಅವರ ಹಣೆಯ ಮೇಲೆ ಮೂಳೆಯ ಏಣುಗಳು ಎದ್ದವು. ಬಾಯಲ್ಲಿ ಅವರದೇ ಭಾಷೆಯ ನಾಲ್ಕು ಮಾತೂ ಬಂದವು. ಸೀರಿಯಲ್ಲಿನ ಎಂಜಿನಿಯರ್ ಪಾತ್ರ ಮಾಡುತ್ತಿದ್ದ ನಟ ಜೇಮ್ಸ್ ಡೂಹನ್ ಆ ಮಾತುಗಳನ್ನು ಕಟ್ಟಿಕೊಟ್ಟಿದ್ದರು. 1984ರ ಸಿನಿಮಾಕ್ಕೆ ಮಾರ್ಕ್ ಓಕ್ರಾಂಡ್ ಎಂಬ ಭಾಷಾತಜ್ಞರು ಬಂದರು. ಆ ನಾಲ್ಕು ಮಾತುಗಳ ಸುತ್ತ ಪೂರ್ತಿ ವ್ಯಾಕರಣ ಕಟ್ಟಿ, 1985ರಲ್ಲಿ ನಿಘಂಟನ್ನೇ ಅಚ್ಚು ಹಾಕಿಸಿದರು.

ನಿಘಂಟು ಬಂದಮೇಲೆ ಕಾದಂಬರಿ ಬರೆಯುವವರಿಗೆ ಹಬ್ಬ ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ.

ಈಗ ಕಾದಂಬರಿ ತೆಗೆಯಿರಿ. ಇಬ್ಬರು ಕ್ಲಿಂಗನ್ನರು ಹಡಗಿನಲ್ಲಿ ಕೂತು ಮಾತಾಡುತ್ತಿದ್ದಾರೆ. ಅವರು ತಮ್ಮ ಭಾಷೆಯಲ್ಲೇ ಮಾತಾಡುತ್ತಿದ್ದಾರೆ ಅಂತ ನಾವು ತಿಳಿಯಬೇಕು, ಅಚ್ಚಾಗಿರುವುದು ಇಂಗ್ಲಿಷಿನಲ್ಲಿ. ಅದು ಸರಿ, ಎಲ್ಲ ಕಾದಂಬರಿಗಳೂ ಹಾಗೆಯೇ ಮಾಡುವುದು. ಆದರೆ ನಡುನಡುವೆ ಒಂದೊಂದು ಪದ ಓರೆ ಅಕ್ಷರದಲ್ಲಿ ಉಳಿದುಬಿಡುತ್ತದೆ. ಯಾವ ಪದ? ಒಬ್ಬ ಇನ್ನೊಬ್ಬನಿಗೆ ಬೈಯುವ ‘ಪೆತಾಕ್’. ಗೋಡೆಗೆ ನೇತುಹಾಕಿರುವ, ಎರಡೂ ಕೈಯಲ್ಲಿ ಹಿಡಿಯುವ ಬಾಗು ಕತ್ತಿ ‘ಬ್ಯಾಟ್‌ಲೆತ್’. ತಟ್ಟೆಯಲ್ಲಿ ಜೀವಂತವಾಗಿ ಹರಿದಾಡುತ್ತಿರುವ ಹುಳುಗಳ ಊಟ ‘ಗಾಖ್’. ಬೈಗುಳ, ಆಯುಧ, ಊಟ. ಹಾಸ್ಟೆಲಿನ ಪಾಠವೇ, ಕತ್ತಿಯೊಂದು ಹೆಚ್ಚು.

ಊಟದ ವಿಷಯದಲ್ಲಿ ನನಗೆ ಒಂದು ಸಲ ಪೇಚಾಯಿತು. ಅವರ ಕಾಫಿಗೆ ‘ರಕ್ತಜಿನೋ’ ಅಂತ ಹೆಸರು. ಅದನ್ನು ಕನ್ನಡದ ಕಣ್ಣಲ್ಲಿ ಓದಿ ನೋಡಿ. ಕುದಿಯುವ ಕಾಫಿಗೆ ರಕ್ತ ಬೆರೆಸಿ ಕುಡಿಯುವ ಜನ ಅಂತ ನಾನು ತುಂಬ ದಿನ ನಂಬಿದ್ದೆ. ಅವರ ಸ್ವಭಾವಕ್ಕೂ ಹೊಂದುತ್ತಿತ್ತು. ಆಮೇಲೆ ತಿಳಿಯಿತು, ಅದು ಸುಮ್ನೆ ಸ್ಟ್ರಾಂಗ್ ಕಾಫಿ.

ನಿಘಂಟು ಬಿಚ್ಚಿದರೆ ಲೋಕವೇ ಬೇರೆ. ಅಲ್ಲಿ ಬಾಗಿಲಿಗೆ ಪದ ಇದೆ, ‘ಲೊಜ್‌ಮಿತ್’. ಪ್ಯಾಂಟಿಗೆ ಪದ ಇದೆ, ‘ಯೊಪ್‌ವಾಖ್’. ಪುಸ್ತಕ, ಕೈ, ನೀರು, ಮಗು, ಎಲ್ಲಕ್ಕೂ ಇದೆ. ಓಕ್ರಾಂಡ್ ತಮಾಷೆಯ ಮನುಷ್ಯ ಬೇರೆ. ನೋವಿಗೆ ಅವರು ಕೊಟ್ಟ ಪದ ‘ಓಯ್’. ಜೋಡಿಗೆ ‘ಚಾಂಗ್‌ಎಂಗ್’. ಹಿಂದೆ ಸಯಾಮಿನಲ್ಲಿ ಹುಟ್ಟಿದ, ದೇಹ ಕೂಡಿಕೊಂಡಿದ್ದ ಅವಳಿಗಳು ಚಾಂಗ್ ಮತ್ತು ಎಂಗ್, ಅವರ ಹೆಸರೇ ಇದು. ಇಷ್ಟೆಲ್ಲ ಇದ್ದರೂ, ಬೆಳಿಗ್ಗೆ ಎದ್ದು ‘ನನ್ನ ಯೊಪ್‌ವಾಖ್ ಎಲ್ಲಿ?’ ಅಂತ ಹುಡುಕುವ ಕ್ಲಿಂಗನ್ ಯೋಧನನ್ನು ನಾನು ಓದಿದ ಯಾವ ಕಾದಂಬರಿಯಲ್ಲೂ ನೋಡಲಿಲ್ಲ. ಪ್ಯಾಂಟು ಇಂಗ್ಲಿಷಿನಲ್ಲೇ ಇರುತ್ತದೆ. ಕತ್ತಿ ಮಾತ್ರ ಕ್ಲಿಂಗನ್.

ಇನ್ನು ಕಾಗುಣಿತ. ಇಲ್ಲಿ ಅಪಾಸ್ಟ್ರಫಿಯ ಕಥೆ ಹೇಳಲೇಬೇಕು. ಓಕ್ರಾಂಡ್ ಬರವಣಿಗೆಯಲ್ಲಿ ಅಪಾಸ್ಟ್ರಫಿ ಒಂದು ಅಕ್ಷರ. ‘ಬೇಡ’ ಅಂತ ಬಾಯಿ ಮುಚ್ಚಿಕೊಂಡೇ ‘ಉಂಉಂ’ ಅನ್ನುತ್ತೇವಲ್ಲ, ನಡುವೆ ಗಂಟಲು ಒಂದು ಕ್ಷಣ ಹಿಡಿಯುತ್ತದೆ. ಆ ಹಿಡಿತವೇ ಅಪಾಸ್ಟ್ರಫಿ. ಗೆಲುವು ಸಿಗಲಿ ಅಂತ ಹಾರೈಸುವ ‘ಖಪ್ಲಾ’ದ ಕೊನೆಯಲ್ಲಿ ಅದು ಇದೆ. ಕತ್ತಿಯ ಹೆಸರಿನಲ್ಲಿ ಇಲ್ಲ, ನಿಘಂಟಿನ ಪ್ರಕಾರ ಅದು ‘ಬೆತ್ಲೆಖ್’. ಅವರ ಚೂರಿಯ ಹೆಸರಿನಲ್ಲೂ ಇಲ್ಲ. ಆದರೆ ಕಾದಂಬರಿಗಳಲ್ಲಿ ಕತ್ತಿಯ ನಡುವೆ ಒಂದು, ಚೂರಿಯ ನಡುವೆ ಇನ್ನೊಂದು ಅಪಾಸ್ಟ್ರಫಿ ಬಂದು ಕೂತಿರುತ್ತದೆ. ಅಲ್ಲಿ ಗಂಟಲಿಗೆ ಏನೂ ಕೆಲಸವಿಲ್ಲ. ಚುಕ್ಕಿ ಇಟ್ಟರೆ ಹೆಸರು ಬೇರೆ ಗ್ರಹದ್ದಾಗುತ್ತದೆ ಎಂಬ ನಂಬಿಕೆ, ಅಷ್ಟೆ. ನಾವು ಮಗುವಿನ ಕೆನ್ನೆಗೆ ಇಡುವುದು ದೃಷ್ಟಿ ತಾಗದಿರಲಿ ಅಂತ. ಇವರದು ದೃಷ್ಟಿ ಬೀಳಲಿ ಅಂತ.

ಓಕ್ರಾಂಡ್ ಬರವಣಿಗೆ ನೋಡಿದವರಿಗೆ ಕಾದಂಬರಿಕಾರರ ಮೇಲೆ ಕೋಪ ಬರುವುದಿಲ್ಲ. ಅದರಲ್ಲಿ ಪದದ ನಟ್ಟನಡುವೆ ಕ್ಯಾಪಿಟಲ್ ಅಕ್ಷರ ಎದ್ದು ನಿಂತಿರುತ್ತದೆ. ಸಣ್ಣ ಕ್ಯೂ ಬೇರೆ, ದೊಡ್ಡ ಕ್ಯೂ ಬೇರೆ. ಐ ಯಾವಾಗಲೂ ದೊಡ್ಡದೇ, ಪಕ್ಕದಲ್ಲಿ ಸಣ್ಣ ಎಲ್ ಬಂದರೆ ಯಾವುದು ಯಾವುದು ಅಂತ ತಿಳಿಯುವುದಿಲ್ಲ. ನಟರಿಗೆ ಉಚ್ಚಾರ ತಪ್ಪದಿರಲಿ ಅಂತ ಮಾಡಿದ ಏರ್ಪಾಡು ಅದು. ಮುನ್ನೂರು ಪುಟದ ಕಾದಂಬರಿಯಲ್ಲಿ ಓದುಗ ಎಡವುತ್ತಾನೆ.

ನಾನು ಎಡವಲಿಲ್ಲ. ಯಾಕೆ ಅಂದರೆ ನನಗೆ ಅದು ಹಳೆಯ ಪರಿಚಯ. ‘ಬರಹ’ ತಂತ್ರಾಂಶದಲ್ಲಿ ಇಂಗ್ಲಿಷ್ ಕೀಲಿ ಒತ್ತಿ ಕನ್ನಡ ಮೂಡಿಸಿದವರಿಗೆ ಗೊತ್ತು. ಸಣ್ಣ ಡಿ ಒತ್ತಿದರೆ ದ, ದೊಡ್ಡ ಡಿ ಒತ್ತಿದರೆ ಡ. ಸಣ್ಣ ಎನ್ ನ, ದೊಡ್ಡ ಎನ್ ಣ. ಪದದ ನಡುವೆ ಕ್ಯಾಪಿಟಲ್ ನಿಲ್ಲಿಸುವುದು ನಮಗೆ ದಿನದ ಕೆಲಸ. ಓಕ್ರಾಂಡ್ ಕೂಡ ದೊಡ್ಡ ಡಿ ಬಳಸಿದ್ದು ಅದೇ ಕಾರಣಕ್ಕೆ. ಕ್ಲಿಂಗನ್‌ನಲ್ಲಿ ಆ ಸದ್ದು ನಾಲಿಗೆ ಮಡಚಿ ಹೇಳುವ ಡ. ದೊಡ್ಡ ಎಸ್ ಕೂಡ ಸುಮಾರಾಗಿ ನಮ್ಮ ಷ. ಅಮೆರಿಕದ ನಟರಿಗೆ ಕಷ್ಟಪಟ್ಟು ಕಲಿಸಬೇಕಾದ ಸದ್ದುಗಳನ್ನು ನಮ್ಮ ಒಂದನೇ ಕ್ಲಾಸಿನ ಮಕ್ಕಳು ಕಾಗುಣಿತದಲ್ಲಿ ಕಿರುಚುತ್ತಾರೆ.

ಒಮ್ಮೆ ಹೋಲಿಕೆ ಶುರುವಾದರೆ ನಿಲ್ಲುವುದಿಲ್ಲ. ಮಾತಾಡಬಲ್ಲವರಿಗೆ ಕ್ಲಿಂಗನ್‌ನಲ್ಲಿ ಒಂದು ಬಹುವಚನ, ಮಿಕ್ಕ ವಸ್ತುಗಳಿಗೆ ಇನ್ನೊಂದು. ನಮ್ಮ ‘ಹುಡುಗರು’, ‘ಮರಗಳು’ ಇದ್ದ ಹಾಗೆ. ದೇಹದ ಭಾಗಗಳಿಗೆ ಅವರದು ಮೂರನೆಯದೂ ಇದೆ, ಅಷ್ಟು ದೂರ ನಾವು ಹೋಗಿಲ್ಲ. ವಾಕ್ಯದಲ್ಲಿ ಮಾಡುವವನು ಕೊನೆಗೆ ಬರುತ್ತಾನೆ. ಮನುಷ್ಯರ ಭಾಷೆಗಳಲ್ಲಿ ಅಪರೂಪದ ಜೋಡಣೆ ಅಂತಲೇ ಓಕ್ರಾಂಡ್ ಅದನ್ನು ಆರಿಸಿಕೊಂಡರು. ನಮ್ಮ ಮಾತಿನಲ್ಲಿ ‘ಹಾಲು ಕುಡೀತು ಬೆಕ್ಕು’ ಅಂದರೆ ಯಾರೂ ತಿರುಗಿ ನೋಡುವುದಿಲ್ಲ. ಇಷ್ಟು ಚೆಂದದ ವ್ಯಾಕರಣ ಇಟ್ಟುಕೊಂಡು ಕಾದಂಬರಿಗಳು ಏನು ಮಾಡುತ್ತವೆ? ಇಂಗ್ಲಿಷಿನ ಎಸ್ ಅಂಟಿಸಿ ‘ಬ್ಯಾಟ್‌ಲೆತ್ಸ್’ ಅನ್ನುತ್ತವೆ. ಹೋಟೆಲಿನ ಮೆನುವಿನಲ್ಲಿ ‘ದೋಸಾಸ್’ ಅಂತ ಬರೆದಿರುತ್ತಾರಲ್ಲ, ಅದೇ ಜಾತಿ.

ಹೆಸರುಗಳದು ಮತ್ತೊಂದು ಗಮ್ಮತ್ತು. ಅರವತ್ತರ ದಶಕದ ಸೀರಿಯಲ್ಲಿನಲ್ಲಿ ಬಂದ ಕ್ಲಿಂಗನ್ ಕಮಾಂಡರುಗಳು ಕೋರ್, ಕೋಲಾತ್, ಕಾಂಗ್. ಹೆಸರು ಕ ಅಕ್ಷರದಿಂದ ಶುರುವಾದರೆ ಸಾಕು, ಮನುಷ್ಯ ಒರಟ. ಕಾದಂಬರಿಕಾರರೂ ಅದೇ ದಾರಿ ಹಿಡಿದರು. ಆಮೇಲೆ ಓಕ್ರಾಂಡ್ ಬಂದು ಕ್ಲಿಂಗನ್‌ನ ಸದ್ದುಗಳ ಪಟ್ಟಿ ಕೊಟ್ಟರು. ನೋಡಿದರೆ ನಮ್ಮ ಮಾಮೂಲಿ ಕ ಅದರಲ್ಲಿ ಇಲ್ಲವೇ ಇಲ್ಲ! ಇರುವುದೆಲ್ಲ ಗಂಟಲ ಇನ್ನೂ ಆಳದಿಂದ ಬರುವ ಕ. ‘ಕ್ಲಿಂಗನ್’ ಎಂಬ ಹೆಸರೇ ಅವರ ಬಾಯಲ್ಲಿ ತ ಮತ್ತು ಲ ಕೂಡಿಸಿ ಉಗಿದಂತೆ ಶುರುವಾಗುತ್ತದೆ. ಮುಂದೆ ಬಂದ ಸ್ಟಾರ್ ಟ್ರೆಕ್ ಸೀರಿಯಲ್ಲಿನಲ್ಲಿ ಒಬ್ಬ ಕ್ಲಿಂಗನ್ ಅಧಿಕಾರಿ ಇದ್ದಾನೆ, ಇಂಗ್ಲಿಷಿನವರು ‘ವೋರ್ಫ್’ ಅನ್ನುವ ಅವನು ಮನೆಯಲ್ಲಿ ‘ವೋರಿವ್’. ಅವನನ್ನು ಕಾದಂಬರಿಗಳು ಗಂಭೀರವಾಗಿ ‘ಮೋಗನ ಮಗ ವೋರ್ಫ್’ ಅಂತ ಕರೆಯುತ್ತವೆ. ನಮ್ಮ ಕಡೆ ಅಪ್ಪನ ಹೆಸರನ್ನು ಇನಿಷಿಯಲ್ಲಿಗೆ ಇಳಿಸಿ ‘ಎಂ. ವೋರ್ಫ್’ ಅಂತ ಮುಗಿಸುತ್ತಿದ್ದೆವು. ಊರು ಕ್ರೋನೋಸ್ ಅಂತ ಅದನ್ನೂ ಸೇರಿಸಿದರೆ ಕೆ. ಎಂ. ವೋರ್ಫ್. ರಿಟೈರ್ಡ್ ಹೆಡ್‌ಮಾಸ್ಟರ್ ಅಂತಲೇ ಅನ್ನಿಸುತ್ತದೆ, ಅಲ್ವಾ?

ಈ ಕ ಅಕ್ಷರಕ್ಕೆ ಅರ್ಥ ಕೊಟ್ಟ ಒಬ್ಬ ಕಾದಂಬರಿಕಾರ ಇದ್ದರು. ಜಾನ್ ಎಂ. ಫೋರ್ಡ್. ಅವರ ‘ದಿ ಫೈನಲ್ ರಿಫ್ಲೆಕ್ಷನ್’ ಬಂದದ್ದು 1984ರಲ್ಲಿ, ಓಕ್ರಾಂಡ್ ಭಾಷೆ ಸಿನಿಮಾಕ್ಕೆ ಬಂದ ವರ್ಷವೇ. ಫೋರ್ಡ್ ಕೈಯಲ್ಲಿ ಆ ನಿಘಂಟು ಇರಲಿಲ್ಲ. ಹಾಗಾಗಿ ತಾವೇ ಒಂದು ಭಾಷೆ ಕಟ್ಟಿಕೊಂಡರು, ಅದಕ್ಕೆ ‘ಕ್ಲಿಂಗನಾಸೆ’ ಅಂತ ಹೆಸರು. ಅವರ ಕಥಾನಾಯಕ ಅಪ್ಪ ಅಮ್ಮ ಇಲ್ಲದ ಹುಡುಗ, ಹೆಸರು ವ್ರೆನ್. ಸಾಮ್ರಾಜ್ಯದ ಸೇವೆಯಲ್ಲಿ ಮೇಲೇರಿದಾಗ ಅವನು ಕ್ರೆನ್ ಆಗುತ್ತಾನೆ. ಟಿವಿಯವರು ಸುಮ್ನೆ ಇಟ್ಟ ಕ ಇಲ್ಲಿ ಹುಡುಗ ದುಡಿದು ಪಡೆದ ಕ ಆಯಿತು. ಹೆಸರಿನ ಒಂದು ಅಕ್ಷರ ಬದಲಾದಾಗ ನನಗೆ ನಿಜವಾಗಿಯೂ ಮೈ ಜುಂ ಅಂದಿತ್ತು.

ಅವರ ಪದಗಳ ಪಟ್ಟಿ ಓಕ್ರಾಂಡ್ ಪಟ್ಟಿಯ ಮುಂದೆ ಏನೇನೂ ಅಲ್ಲ. ಆದರೆ ಯಾವ ಪದಗಳನ್ನು ಅನುವಾದ ಮಾಡದೆ ಬಿಟ್ಟರು ನೋಡಿ. ‘ಕ್ಲಿನ್ ಝಾ’ ಎಂಬುದು ಆಟ. ಅದನ್ನು ಹಲಗೆಯ ಮೇಲೂ ಆಡುತ್ತಾರೆ, ಜೀವಂತ ಜನರನ್ನು ಕಾಯಿ ಮಾಡಿಕೊಂಡೂ ಆಡುತ್ತಾರೆ. ವ್ರೆನ್ ಮೊದಲು ಕಾಣಿಸುವುದು ಅಂಥ ಒಂದು ಕಾಯಿಯಾಗಿಯೇ. ‘ಕೊಮೆರೆಕ್ಸ್’ ಅಂದರೆ ಬೆಳೆಯುತ್ತ ಹೋಗುವ ವ್ಯವಸ್ಥೆ. ‘ಖೆಸ್ಟೆರೆಕ್ಸ್’ ಅಂದರೆ ಸಾಯುವ ವ್ಯವಸ್ಥೆ. ಬೆಳೆಯದೆ ಇರುವುದು ಸಾಯುತ್ತದೆ, ನಡುವೆ ನಿಲ್ಲಲು ಜಾಗವಿಲ್ಲ ಅಂತ ಆ ಜನ ನಂಬಿದ್ದಾರೆ. ಎರಡೇ ಪದ. ಆದರೂ ಅವರು ಯಾಕೆ ಸುಮ್ಮನೆ ಕೂರಲಾರರು, ಯಾಕೆ ಮತ್ತೆ ಮತ್ತೆ ಯುದ್ಧಕ್ಕೆ ಹೊರಡುತ್ತಾರೆ ಅಂತ ಗೊತ್ತಾಗಿಬಿಡುತ್ತದೆ. ‘ಪೆತಾಕ್’ ಅನ್ನು ನೂರು ಸಲ ಓದಿದರೂ ಹೊಳೆಯದ ವಿಷಯ ಇದು.

ಮುಂದೆ ಗೆದ್ದಿದ್ದು ಓಕ್ರಾಂಡ್ ಭಾಷೆ. ಸಿನಿಮಾ ಅವರ ಕಡೆ ಇತ್ತು. ಅಮೆರಿಕದಲ್ಲಿ 1992ರಲ್ಲಿ ಕ್ಲಿಂಗನ್ ಭಾಷೆಗೆ ಅಂತಲೇ ಒಂದು ಸಂಸ್ಥೆ ಶುರುವಾಯಿತು, ಶೇಕ್ಸ್‌ಪಿಯರನ ಹ್ಯಾಮ್ಲೆಟ್ ಅದರಲ್ಲಿ ಪೂರ್ತಿ ಅನುವಾದವಾಯಿತು. ‘ಇರುವುದೋ ಇಲ್ಲದಿರುವುದೋ’ ಎಂಬ ಸಾಲಿಗೆ ಅದಕ್ಕೂ ಮೊದಲೇ, 1991ರ ಸಿನಿಮಾದಲ್ಲಿ, ಕಷ್ಟ ಬಂದಿತ್ತು, ಯಾಕೆಂದರೆ ಆ ‘ಇರು’ ಎಂಬ ಕ್ರಿಯಾಪದವನ್ನು ಓಕ್ರಾಂಡ್ ಬೇಕೆಂದೇ ಬಿಟ್ಟಿದ್ದರು. ಕೊನೆಗೆ ಅವರೇ ‘ಮುಂದುವರಿ’ ಎಂಬ ಪದ ಹಿಡಿದು ದಡ ಸೇರಿದ್ದರು. ಫೋರ್ಡ್ ಭಾಷೆಗೆ ಇಂಥ ಭಾಗ್ಯ ಬರಲಿಲ್ಲ. ಕೆಲವು ಕಾದಂಬರಿಗಳಲ್ಲಿ ಒಂದೆರಡು ಪದ ತಲೆ ಹಾಕುತ್ತದೆ, ಅಷ್ಟೆ.

ಫೋರ್ಡ್ ಪುಸ್ತಕ ನನಗೆ ಸಿಕ್ಕಿದ್ದು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಯಲ್ಲಿ. ಹಿಂದಿನ ಓದುಗರು ಯಾರೋ ಪೆನ್ಸಿಲ್ ಹಿಡಿದು ಓದಿದ್ದಾರೆ. ‘ಕೊಮೆರೆಕ್ಸ್’ ಮೊದಲ ಸಲ ಬಂದಲ್ಲಿ ಅಂಚಿನಲ್ಲಿ ಸಣ್ಣಗೆ ಕನ್ನಡದಲ್ಲಿ ‘ಬೆಳೆಯೋದು’ ಅಂತ ಬರೆದಿದ್ದಾರೆ. ಅದರ ಕೆಳಗೆ ‘ಸಾಯೋದು’. ಆಮೇಲೆ ಅವೇ ಪದಗಳು ಎಷ್ಟೋ ಸಲ ಬರುತ್ತವೆ. ಪೆನ್ಸಿಲ್ ಗುರುತು ಮಾತ್ರ ಮತ್ತೆಲ್ಲೂ ಇಲ್ಲ.