ಹೋಗಿ ಬರ್ತೀವಿ

ನಮ್ಮ ಕಡೆ ಹೊರಡುವಾಗ ‘ಹೋಗ್ತೀನಿ’ ಅಂದರೆ ಹಿರಿಯರು ಗದರುತ್ತಾರೆ. ‘ಹೋಗಿ ಬರ್ತೀನಿ’ ಅನ್ನಬೇಕು. ಆಮೇಲೂ ದೊಡ್ಡಮ್ಮ ಚಪ್ಪಲಿ ಮೆಟ್ಟಿಕೊಂಡು ಗೇಟಿನ ಹತ್ತಿರ ಮುಕ್ಕಾಲು ಗಂಟೆ ಮಾತಾಡ್ತಾರೆ. ಪಾಪ, ಅದಕ್ಕೆ ಟಿಕೆಟ್ ಮಾತ್ರ ಇಟ್ಟಿಲ್ಲ.

ಅಮೆರಿಕದ ಕ್ರೈಸ್ತ ರಾಕ್ ತಂಡ ಪೆಟ್ರಾ ಇಟ್ಟಿತು.

ಪೆಟ್ರಾ ಅಂದರೆ ಗ್ರೀಕ್ ಭಾಷೆಯಲ್ಲಿ ಬಂಡೆ. ಇಂಡಿಯಾನಾದ ಫೋರ್ಟ್ ವೇಯ್ನ್‌ನಲ್ಲಿ 1972ರಲ್ಲಿ ಬಾಬ್ ಹಾರ್ಟ್‌ಮನ್ ಕಟ್ಟಿದ ತಂಡ. ರಾಕ್ ಅಂದರೆ ಸೈತಾನನ ಸಂಗೀತ ಅಂತ ಎಷ್ಟೋ ಚರ್ಚುಗಳು ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲ. ರೆಕಾರ್ಡನ್ನು ಉಲ್ಟಾ ತಿರುಗಿಸಿದರೆ ಅವನ ದನಿ ಕೇಳುತ್ತೆ ಅನ್ನೋ ಗುಲ್ಲು ಬೇರೆ. 1982ರಲ್ಲಿ ಇವರು ಒಂದು ಹಾಡಿಗೆ ಬೇಕಂತಲೇ ಉಲ್ಟಾ ಮಾತು ಸೇರಿಸಿದರು. ಬೆವರು ಸುರಿಸಿ ತಿರುಗಿಸಿ ಕೇಳಿದವರಿಗೆ ಸಿಕ್ಕಿದ್ದಿಷ್ಟೇ: ದೇವರನ್ನು ಹುಡುಕೋದು ಬಿಟ್ಟು ಸೈತಾನನನ್ನು ಯಾಕೆ ಹುಡುಕ್ತಿದ್ದೀರಿ?

ಆ ತುಂಟತನ ನನಗೆ ಇವತ್ತಿಗೂ ಇಷ್ಟ. ಮುಂದೆ ಗ್ರ್ಯಾಮಿ ಪ್ರಶಸ್ತಿಗಳೂ ಬಂದವು. 1995ರಲ್ಲಿ ಹಾರ್ಟ್‌ಮನ್ನರೇ ಊರೂರು ಅಲೆಯೋದು ಸಾಕು ಅಂತ ನಿಂತುಬಿಟ್ಟರು. ಕಟ್ಟಿದವರು ನಿಂತರೂ ಬಂಡೆ ಉರುಳ್ತಾನೇ ಇತ್ತು.

2005ರಲ್ಲಿ ನಿವೃತ್ತಿ ಘೋಷಣೆ ಆಯಿತು. ನಾವು ನಿವೃತ್ತಿ ಅಂದರೆ ಒಂದು ಶಾಲು, ಒಂದು ಹಾರ, ಒಂದು ಗೋಡೆ ಗಡಿಯಾರ. ಇವರದ್ದು ಹಾಗಲ್ಲ. ವಿದಾಯದ ಪ್ರವಾಸ. ಟೆನೆಸಿಯ ಫ್ರಾಂಕ್ಲಿನ್‌ನಲ್ಲಿ ವಿದಾಯದ ರೆಕಾರ್ಡಿಂಗ್. ಅದರ ಸಿಡಿ, ಅದರ ಡಿವಿಡಿ. ಡಿಸೆಂಬರ್ 31ರ ರಾತ್ರಿ ನಾರ್ತ್ ಕೆರೊಲಿನಾದ ಮರ್ಫಿ ಅನ್ನೋ ಪುಟ್ಟ ಊರಲ್ಲಿ ಕೊನೆಯ ಕಾರ್ಯಕ್ರಮ. ಹಳೇ ವರ್ಷದ ಜೊತೆಗೇ ಮಂಗಳ ಹಾಡಿ ಮುಗಿಸಿದರು.

ಮುಗಿಸಿದರಾ? 2007ರಲ್ಲಿ ಹಾರ್ಟ್‌ಮನ್ ಮತ್ತು ಗಾಯಕ ಜಾನ್ ಶ್ಲಿಟ್ ಸೇರಿ ಆಲ್ಬಮ್ ತಂದರು. ಜೋಡಿಯ ಹೆಸರು ‘ಪೆಟ್ರಾದ ಇಬ್ಬರು’ ಅಂತ! ಪೆಟ್ರಾ ಸತ್ತಿದೆ, ಸುಮ್ನೆ ಇಬ್ಬರು ಈ ಕಡೆ ಹಾದುಹೋಗ್ತಿದ್ದೆವು ಅನ್ನೋ ಧಾಟಿ. 2010ಕ್ಕೆ ‘ಕ್ಲಾಸಿಕ್ ಪೆಟ್ರಾ’ ಅನ್ನೋ ತಂಡ. ಶ್ಲಿಟ್‌ಗಿಂತ ಮೊದಲು ಹಾಡುತ್ತಿದ್ದ, ಎಂಬತ್ತರ ದಶಕದಲ್ಲೇ ಬಿಟ್ಟು ಹೋಗಿದ್ದ ಗ್ರೆಗ್ ವೋಲ್ಜ್ ವಾಪಸ್ ಬಂದರು. ಅಣ್ಣತಮ್ಮಂದಿರು ಭಾಗವಾದ ಮೇಲೆ ಒಂದೇ ಬೀದಿಯಲ್ಲಿ ‘ಹಳೇ’, ‘ನ್ಯೂ’, ‘ಒರಿಜಿನಲ್’ ಅಂತ ಮೂರು ಹೋಟೆಲ್ ಬೋರ್ಡ್ ಏಳುತ್ತವಲ್ಲ, ಹಾಗೆ. 2013ರಲ್ಲಿ ಮತ್ತೆ ಶ್ಲಿಟ್ ಜೊತೆ ಪ್ರವಾಸ.

ಸತ್ತ ಯೇಸು ಮೂರನೇ ದಿನ ಎದ್ದು ಬಂದ ಕಥೆಯನ್ನೇ ಮೂವತ್ತು ವರ್ಷ ಹಾಡಿದವರು ಇವರು. ಎದ್ದು ಬಂದರೆ ಬೇರೆಯವರು ತಕರಾರು ಮಾಡಬಹುದು, ಅಭಿಮಾನಿಗಳು ಹೇಗೆ ಮಾಡ್ತಾರೆ? ಆದರೆ ಆ ವಿದಾಯದ ಡಿವಿಡಿ ನೋಡಿ ಕರ್ಚೀಫು ಒದ್ದೆ ಮಾಡಿಕೊಂಡವರ ಕಥೆ ಏನು? ಕಣ್ಣೀರಿಗೆ ರೀಫಂಡ್ ಇಲ್ಲ.

2022ಕ್ಕೆ ಚಿನ್ನದ ಹಬ್ಬ ಬಂತು. ಹಾರ್ಟ್‌ಮನ್ನರಿಗೂ ಶ್ಲಿಟ್‌ಗೂ 70 ದಾಟಿತ್ತು. ಮತ್ತೆ ವೇದಿಕೆ, ಮತ್ತೆ ಗಿಟಾರ್, ಮತ್ತೆ ಟಿಕೆಟ್. ಐವತ್ತು ವರ್ಷ ಅಂತ ಬ್ಯಾನರು. ನಡುವೆ ಸತ್ತಿದ್ದ ವರ್ಷಗಳನ್ನು ಯಾರೂ ಕಳೆದಿಲ್ಲ. ಗಳಿಕೆ ರಜೆ ಅಂತ ಬರೆದುಕೊಂಡಿರಬೇಕು. ಸರ್ವಿಸ್‌ಗೆ ಬ್ರೇಕ್ ಬೀಳಲ್ಲ, ಅಲ್ವಾ?